ನಿನ್ನ ಹೆಸರೇನು? ಯಾರೂ ನೋಡದಾಗ ನಾವು ತುಂಬುವ ಅಂಕಗಳು

ಯುವಜನರ ಕೂಟದ ಸಂದೇಶ
ಓದುವ ಭಾಗ: ಆದಿಕಾಂಡ 27:18-27 ಮತ್ತು 32:24-31

ಬೈಬಲ್ ತಂದಿರೋರು ಆದಿಕಾಂಡ 27ನೇ ಅಧ್ಯಾಯ ತೆಗೀರಿ. ಫೋನಿನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿ ತೆಗೀರಿ. ವಾಟ್ಸಾಪ್ ಒಂದು ಗಂಟೆ ಕಾಯುತ್ತೆ, ಏನೂ ಆಗಲ್ಲ.

ಅಕ್ಟೋಬರ್, ನವೆಂಬರ್ ಬಂತು ಅಂದ್ರೆ ಪ್ರಾರ್ಥನೆ ಚೀಟಿಗಳಲ್ಲಿ ಒಂದು ವಿಷಯ ಜಾಸ್ತಿ ಆಗುತ್ತೆ. "ಅಮೆರಿಕದ ಕಾಲೇಜಿಗೆ ಅಪ್ಲೈ ಮಾಡ್ತಿದ್ದೀನಿ, ಪ್ರಾರ್ಥಿಸಿ." ಕೆಲವು ಚೀಟಿ ಮಕ್ಕಳದು, ಕೆಲವು ಅಪ್ಪ ಅಮ್ಮಂದು. ತುಂಬಾ ಸಂತೋಷ. ಪ್ರಾರ್ಥಿಸ್ತೀವಿ. ಆದ್ರೆ ಪ್ರಾರ್ಥಿಸೋ ಮೊದಲು ಆ ಅರ್ಜಿಯ ಒಂದು ಪುಟದ ಬಗ್ಗೆ ದೇವರ ವಾಕ್ಯದಿಂದ ಮಾತಾಡಬೇಕು ಅಂತ ಪವಿತ್ರಾತ್ಮನು ಹೃದಯದಲ್ಲಿ ಭಾರ ಕೊಟ್ಟಿದ್ದಾರೆ. ಅದು ಅಂಕಗಳ ಪುಟ.

ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮಲ್ಲಿ ಕಾಲೇಜಿಗೆ ಸೇರಬೇಕಾದ್ರೆ ಮಾರ್ಕ್ಸ್ ಕಾರ್ಡ್ ಇಲ್ಲದೆ ಒಳಗೇ ಬಿಡಲ್ಲ. ಒರಿಜಿನಲ್ ಬೇಕು, ಜೆರಾಕ್ಸ್ ಬೇಕು, ಅದರ ಮೇಲೆ ಗೆಜೆಟೆಡ್ ಆಫೀಸರ್ ಸಹಿಯನ್ನೂ ಕೇಳಿದ ಕಾಲ ಇತ್ತು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಅರ್ಜಿ ಹಾಕೋ ಹೊತ್ತಿಗೆ ಹಾಗಿಲ್ಲ. ವಿದ್ಯಾರ್ಥಿಯೇ ಕೂತು ತನ್ನ ಹೈಸ್ಕೂಲಿನ ವಿಷಯಗಳು, ಅಂಕಗಳು, ಗ್ರೇಡುಗಳನ್ನು ಟೈಪ್ ಮಾಡಬೇಕು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ನೋಡಿ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಸೇರಿ ಪದವಿ ಓದಿಸೋ 9 ಕ್ಯಾಂಪಸ್, ಎಲ್ಲದಕ್ಕೂ ಒಂದೇ ಅರ್ಜಿ. ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಕ್ಕಳು ಮೊದಲ ವರ್ಷಕ್ಕೆ ಅಪ್ಲೈ ಮಾಡ್ತಾರೆ. ಆ ಹೊತ್ತಿಗೆ ಶಾಲೆಯಿಂದ ದಾಖಲೆ ಕಳಿಸಬೇಕಾಗಿಲ್ಲ. ಫ್ಲಾರಿಡಾ, ರಟ್ಗರ್ಸ್, ಪೆನ್ ಸ್ಟೇಟ್ ವಿಶ್ವವಿದ್ಯಾಲಯಗಳಲ್ಲೂ ಇಂಥ ಫಾರ್ಮ್ ಇದೆ. ಅದರಲ್ಲೂ ಅಂಕಗಳನ್ನು ವಿದ್ಯಾರ್ಥಿಯೇ ತುಂಬಬೇಕು.

ಯಾಕೆ ಹೀಗೆ? ಲಕ್ಷಾಂತರ ಮಕ್ಕಳ ದಾಖಲೆ ಬರೋ ತನಕ ಕಾಯೋ ಕಷ್ಟ ತಪ್ಪುತ್ತೆ, ಮಕ್ಕಳಿಗೂ ಖರ್ಚು ಉಳಿಯುತ್ತೆ. ಇದೆಲ್ಲಾ ನಿಂತಿರೋದು ನಂಬಿಕೆಯ ಮೇಲೆ. ನೀನು ಹೇಳು, ನಿನ್ನ ಮಾತು ನಂಬ್ತೀವಿ, ಆಮೇಲೆ ದಾಖಲೆ ತೋರಿಸು.

ಈಗ ಆ ರಾತ್ರಿ ನೆನೆಸ್ಕೊಳ್ಳಿ. ಗಂಟೆ ಹನ್ನೊಂದೂವರೆ. ರೂಮಿನ ಬಾಗಿಲು ಮುಚ್ಚಿದೆ. ಮುಂದೆ ಲ್ಯಾಪ್‌ಟಾಪ್. ಹತ್ತನೇ ಕ್ಲಾಸಿನ ಗಣಿತ, ಒಂದು ಖಾಲಿ ಬಾಕ್ಸ್. ಮಾರ್ಕ್ಸ್ ಕಾರ್ಡಿನಲ್ಲಿ ಇರೋದು 78. ಬೆರಳು ಕೀಬೋರ್ಡಿನ ಮೇಲಿದೆ. 78 ಹೊಡೆಯೋಕೂ 87 ಹೊಡೆಯೋಕೂ ಬೇಕಾಗೋದು ಅವೇ ಎರಡು ಕೀಲಿ. ಕೇಳಿದ್ರೆ, ಅಯ್ಯೋ, ತಿರುಗುಮುರುಗಾಗಿ ಬಿತ್ತು ಅನ್ನಬಹುದು. ಅಪ್ಪ ಮಲಗಿದ್ದಾರೆ. ಪಾಸ್ಟರ್ ಮಲಗಿದ್ದಾರೆ. ಆ ಬಾಕ್ಸ್ ಮುಂದೆ ನೀವು ಯಾರು?

ಈ ಪ್ರಶ್ನೆಗೆ ಬೈಬಲಿನಲ್ಲಿ ಒಬ್ಬ ಮನುಷ್ಯ ಎರಡು ಸಲ ಉತ್ತರ ಕೊಟ್ಟ. ಅವನ ಹೆಸರು ಯಾಕೋಬ.

ಮೊದಲನೇ ಸಲ: ತಂದೆಯ ಮುಂದೆ

ಇಸಾಕನಿಗೆ ವಯಸ್ಸಾಗಿದೆ, ಕಣ್ಣು ಕಾಣಲ್ಲ. ಆಶೀರ್ವಾದ ಕೊಡಬೇಕು ಅಂತ ಕೂತಿದ್ದಾನೆ. ಯಾಕೋಬ ಒಳಗೆ ಬರ್ತಾನೆ. ತಂದೆ ಕೇಳ್ತಾನೆ, ಮಗನೇ ನೀನು ಯಾರು ಅಂತ. ಅರ್ಜಿಯ ಮೊದಲನೇ ಕಾಲಮ್ಮು! ಯಾಕೋಬ ತನ್ನ ಹೆಸರು ಹೇಳಬೇಕಾದ ಜಾಗದಲ್ಲಿ ಅಣ್ಣನ ಹೆಸರು ಹಾಕಿಬಿಟ್ಟ.

ಇಸಾಕ ಸುಮ್ಮನೆ ನಂಬಲಿಲ್ಲ, ನೋಡಿ. ಇಷ್ಟು ಬೇಗ ಬೇಟೆ ಹೇಗೆ ಸಿಕ್ತು ಅಂತ ಕೇಳಿದ. ಮುಟ್ಟಿ ನೋಡಿದ. ಸ್ವರ ಕೇಳಿಸ್ಕೊಂಡ. ಕೈ ನೋಡಿದ್ರೆ ಏಸಾವ, ಸ್ವರ ಕೇಳಿದ್ರೆ ಯಾಕೋಬ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ, ಫಾರ್ಮಿನಲ್ಲಿರೋದು ಒಂದು, ದಾಖಲೆಯಲ್ಲಿರೋದು ಒಂದು. ಕೊನೆಗೆ 24ನೇ ವಚನದಲ್ಲಿ ಮತ್ತೊಂದು ಸಲ ಕೇಳ್ತಾನೆ, ನೀನು ನಿಜವಾಗಿಯೂ ಏಸಾವನೇನಾ ಅಂತ. ಸಬ್‌ಮಿಟ್ ಬಟನ್ ಒತ್ತೋ ಮೊದಲು ಒಂದು ಚಿಕ್ಕ ಚೌಕ ಬರುತ್ತಲ್ಲ, ಕೊಟ್ಟ ವಿವರವೆಲ್ಲ ಸತ್ಯ ಅಂತ ಟಿಕ್ ಮಾಡಿ ಅನ್ನೋದು? ಇಸಾಕನ ಎರಡನೇ ಪ್ರಶ್ನೆ ಆ ಚೌಕ. ತಿರುಗಿ ನಿಲ್ಲೋಕೆ ದೇವರು ಕೊಟ್ಟ ಕೊನೇ ಅವಕಾಶ. ಯಾಕೋಬ ಅಲ್ಲೂ ಟಿಕ್ ಹಾಕಿದ.

ಇಲ್ಲಿ ಮೂರು ವಿಷಯ ನಿಮಗೆ ತೋರಿಸ್ತೀನಿ.

ಒಂದು. ಯಾಕೋಬನಿಗೆ ಇದ್ದ ಭಯ ಯಾವುದು? 12ನೇ ವಚನ ಓದಿ. ಅಪ್ಪ ಮುಟ್ಟಿ ನೋಡಿದ್ರೆ ಮೋಸಗಾರ ಅಂತ ಗೊತ್ತಾಗುತ್ತೆ, ಶಾಪ ಬರುತ್ತೆ ಅಂತ ಹೆದರಿದ. ಅಂದ್ರೆ, ಸಿಕ್ಕಿಬಿದ್ರೆ ಏನು ಗತಿ ಅನ್ನೋ ಭಯ. ಮಾಡ್ತಿರೋದು ತಪ್ಪು ಅನ್ನೋ ಭಯ ಅಲ್ಲಿ ಕಾಣಲ್ಲ. ಸಿಕ್ಕಿಬೀಳೋ ಭಯ ಒಂದೇ ಇದ್ದವನಿಗೆ ಒಳ್ಳೆ ಪ್ಲಾನ್ ಸಿಕ್ಕಿದ ಕೂಡಲೇ ಭಯ ಹೋಗುತ್ತೆ. ದೇವರ ಭಯ ಇದ್ದವನು ಬಾಗಿಲು ಮುಚ್ಚಿದ ರೂಮಿನಲ್ಲೂ 78 ಅಂತಾನೇ ಹೊಡೀತಾನೆ. ಆಮೆನ್?

ಎರಡು. ಯಾಕೋಬ ಸುಳ್ಳಿನ ಮಧ್ಯೆ ದೇವರ ಹೆಸರು ತಂದ. ಇಷ್ಟು ಬೇಗ ಹೇಗೆ ಸಿಕ್ತು ಅಂದಾಗ, ನಿನ್ನ ದೇವರೇ ಅನುಕೂಲ ಮಾಡಿದ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ. ಯೌವನಸ್ಥರೇ, ಇದು ನನ್ನನ್ನು ನಡುಗಿಸುತ್ತೆ. ಯಾಕಂದ್ರೆ ನಾವು ಸಾಕ್ಷಿ ಹೇಳೋ ಜನ. ಅಡ್ಮಿಶನ್ ಸಿಕ್ಕಿದ ಭಾನುವಾರ ಮೈಕ್ ಹಿಡಿದು "ಕರ್ತನು ಬಾಗಿಲು ತೆರೆದರು" ಅಂತೀವಿ. ಎಲ್ಲರೂ ಚಪ್ಪಾಳೆ ತಟ್ತಾರೆ. ಕರ್ತನು ತೆರೆದ ಬಾಗಿಲಾದ್ರೆ ಸ್ತೋತ್ರ! ಆದ್ರೆ ನಾವು ಕಳ್ಳ ಕೀಲಿ ಹಾಕಿ ತೆರೆದ ಬಾಗಿಲಿಗೆ ಆತನ ಹೆಸರಿನ ಬೋರ್ಡ್ ಹಾಕಬಾರದು.

ಮೂರು. ಆ ಪ್ಲಾನ್ ಯಾರದು? ರೆಬೆಕ್ಕಳದು. ಅಮ್ಮನದು. ಅಡುಗೆ ಮಾಡಿದವಳು ಅವಳು, ಬಟ್ಟೆ ತೊಡಿಸಿದವಳು ಅವಳು, ಕೈಗೆ ಕುತ್ತಿಗೆಗೆ ಆಡಿನ ಮರಿಯ ಚರ್ಮ ಸುತ್ತಿದವಳೂ ಅವಳೇ. ಶಾಪ ಬಂದ್ರೆ ನನಗೆ ಬರಲಿ ಅಂತ ಧೈರ್ಯ ಹೇಳಿದವಳೂ ಅವಳೇ. ಇವತ್ತೂ ಮಗುವಿನ ಪಕ್ಕದಲ್ಲಿ ಹಾಗೆ ಹೇಳೋರು ಇದ್ದಾರೆ. ಮನೆಯವರು ಇರಬಹುದು, ಏಜೆಂಟ್ ಇರಬಹುದು, ಸೀನಿಯರ್ ಅಣ್ಣ ಇರಬಹುದು. "ಹಾಕಪ್ಪಾ, ಎಲ್ಲರೂ ಹಾಕ್ತಾರೆ, ಏನಾದ್ರೂ ಆದ್ರೆ ನಾನಿದ್ದೀನಿ." ಅವರು ಇರಲ್ಲ, ಮಕ್ಕಳೇ. ಅರ್ಜಿಯ ಮೇಲೆ ಇರೋದು ನಿಮ್ಮ ಹೆಸರು. ರೆಬೆಕ್ಕ ಮಗನಿಗೆ ಸ್ವಲ್ಪ ದಿನ ಹೋಗಿರು ಅಂದಳು. ಆ ಸ್ವಲ್ಪ ದಿನ 20 ವರ್ಷ ಆಯ್ತು. ತಾಯಿ ಮಗ ಮತ್ತೆ ಮುಖ ನೋಡಿದ್ರು ಅಂತ ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ. ತಂದೆತಾಯಂದಿರೇ, ದಯವಿಟ್ಟು ಇದನ್ನು ಕೇಳಿಸ್ಕೊಳ್ಳಿ. ಸಾಲ ಮಾಡಿದ್ದೀರಿ, ಸೈಟು ಅಡ ಇಟ್ಟಿದ್ದೀರಿ, ನಿಮ್ಮ ಪ್ರೀತಿ ದೊಡ್ಡದು. ಆದ್ರೆ ಮಗನ ಕೈಗೆ ಬೇರೆಯವನ ಚರ್ಮ ಸುತ್ತಬೇಡಿ.

ಇದರಲ್ಲಿ ಬಹಳ ದುಃಖದ ಸಂಗತಿ ಇನ್ನೊಂದಿದೆ. 25ನೇ ಅಧ್ಯಾಯಕ್ಕೆ ಹೋಗಿ. ಮಕ್ಕಳು ಇನ್ನೂ ಹೊಟ್ಟೆಯಲ್ಲಿ ಇರೋವಾಗಲೇ, ದೊಡ್ಡವನು ಚಿಕ್ಕವನ ಸೇವೆ ಮಾಡ್ತಾನೆ ಅಂತ ಕರ್ತನು ರೆಬೆಕ್ಕಳಿಗೆ ಹೇಳಿದ್ದರು. ದೇವರು ಕೊಡ್ತೀನಿ ಅಂದದ್ದನ್ನೇ ಇವರು ಕದ್ದು ತಗೊಂಡ್ರು! ನಿಮಗೆ ಅಂತ ದೇವರು ಇಟ್ಟಿರೋ ಸೀಟಿಗೆ ಸುಳ್ಳಿನ ಸಹಾಯ ಬೇಡ. ಸುಳ್ಳಿನಿಂದಲೇ ಸಿಗಬೇಕಾದ ಸೀಟು ನಿಮ್ಮದಲ್ಲ, ಅದರಲ್ಲಿ ಕೂರಬೇಕಾದ ಇನ್ನೊಬ್ಬ ಮಗು ಎಲ್ಲೋ ನಿಜ ಅಂಕ ಹಾಕಿ ಕಾಯ್ತಿದೆ.

"ಆದರೆ ಪಾಸ್ಟರ್..."

ನಿಮ್ಮ ಮನಸ್ಸಿನಲ್ಲಿ ಏನು ಓಡ್ತಿದೆ ಅಂತ ಗೊತ್ತು.

"ಪಾಸ್ಟರ್, ಅವರಲ್ಲಿ ಅಂಕ ಧಾರಾಳವಾಗಿ ಕೊಡ್ತಾರೆ. ನಮ್ಮ ಬೋರ್ಡಿನಲ್ಲಿ 85 ತಗೊಳ್ಳೋದೇ ಕಷ್ಟ. ಅವರ ಲೆಕ್ಕಕ್ಕೆ ಹೊಂದಿಸಿ ಸ್ವಲ್ಪ ಏರಿಸಿದ್ರೆ ನ್ಯಾಯ ತಾನೇ?" ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಬೇರೆ ದೇಶದ ಮಕ್ಕಳಿಗೆ ಹೇಳೋದೇ ಇದು: ನಿಮ್ಮ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಹಾಕಿ, ನೀವು ಪರಿವರ್ತನೆ ಮಾಡಬೇಡಿ. ಪರ್ಸೆಂಟೇಜ್ ಇದ್ರೆ ಪರ್ಸೆಂಟೇಜೇ. ಆಯಾ ದೇಶದ ಪದ್ಧತಿ ಬಲ್ಲವರು ಅಲ್ಲಿ ಓದ್ತಾರೆ. ಆ ತೂಕ ಹಾಕೋದು ಅವರ ಕೆಲಸ. ತಕ್ಕಡಿ ಅವರ ಕೈಯಲ್ಲಿದೆ, ನೀವು ಬೊಟ್ಟು ಇಡಬೇಡಿ. ಜ್ಞಾನೋಕ್ತಿ 11:1 ಮೋಸದ ತಕ್ಕಡಿಯ ಬಗ್ಗೆ ಕರ್ತನಿಗೆ ಏನು ಅನ್ಸುತ್ತೆ ಅಂತ ಹೇಳುತ್ತೆ, ಮನೆಗೆ ಹೋಗಿ ಓದಿ.

"ಪಾಸ್ಟರ್, ಒಂದು ವಿಷಯದಲ್ಲಿ ಫೇಲ್ ಆಗಿ ಮತ್ತೆ ಬರೆದು ಪಾಸ್ ಆಗಿದ್ದೀನಿ. ಪಾಸ್ ಆದದ್ದು ಒಂದೇ ಹಾಕಿದ್ರೆ?" ಎರಡೂ ಹಾಕಬೇಕು ಅಂತ ಆ ಅರ್ಜಿ ಕೇಳುತ್ತೆ. ಇಲ್ಲಿ ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯ ನೆನಪಿಗೆ ಬರಬೇಕು. ಅನನೀಯ ಸಫೈರ ಭೂಮಿ ಮಾರಿದ್ರು, ಸ್ವಲ್ಪ ಹಣ ಇಟ್ಕೊಂಡ್ರು. ಇಟ್ಕೊಂಡದ್ದು ತಪ್ಪಲ್ಲ, ಅದು ನಿಮ್ಮದೇ ಆಗಿತ್ತಲ್ಲ ಅಂತ ಪೇತ್ರನೇ ಹೇಳ್ತಾನೆ. ಅರ್ಧ ತಂದು ಇದೇ ಪೂರ್ತಿ ಅಂದದ್ದು ತಪ್ಪು. ಪೇತ್ರ ಸಫೈರಳನ್ನು ಬೆಲೆ ಇಷ್ಟೇನಾ ಅಂತ ನೇರವಾಗಿ ಕೇಳಿದ. ಅವಳ ಬಾಯಿಂದಲೇ ಅಂಕಿ ಬರಲಿ ಅಂತ ಕಾದ. ಕಡಿಮೆ ಅಂಕ ಪಾಪ ಅಲ್ಲ, ಮಕ್ಕಳೇ. ಕೆಮಿಸ್ಟ್ರಿಯಲ್ಲಿ 52 ಬಂದದ್ದಕ್ಕೆ ಪರಲೋಕದಲ್ಲಿ ಯಾರೂ ಮುಖ ತಿರುಗಿಸಲ್ಲ. ನಾವು ಆತ್ಮಾಭಿಷೇಕದ ಬಗ್ಗೆ ಹಾಡ್ತೀವಿ, ಕೈ ಎತ್ತಿ ಅನ್ಯಭಾಷೆಯಲ್ಲಿ ಪ್ರಾರ್ಥಿಸ್ತೀವಿ. ಅದೇ ಪವಿತ್ರಾತ್ಮನ ಮುಂದೆ ಇವರು ಸುಳ್ಳು ಹೇಳಿದ್ರು ಅಂತ ಪೇತ್ರ ಅಂದ. ಭಾನುವಾರ ಅನ್ಯಭಾಷೆ, ಸೋಮವಾರ ಅನ್ಯ ಅಂಕ, ಎರಡೂ ಒಂದೇ ಬಾಯಲ್ಲಿ ಇರೋಕಾಗಲ್ಲ.

"ಪಾಸ್ಟರ್, ಆ ವರ್ಷ ಅಪ್ಪನಿಗೆ ಆಪರೇಷನ್ ಆಗಿತ್ತು. ಅದಕ್ಕೇ ಅಂಕ ಬಿದ್ದು ಹೋಯ್ತು." ಅದನ್ನೇ ಬರೀರಿ! ಆ ಅರ್ಜಿಗಳಲ್ಲಿ ಹೆಚ್ಚಿನ ವಿವರಣೆಗೆ ಜಾಗ ಕೊಟ್ಟಿದ್ದಾರೆ. ಆಸ್ಪತ್ರೆ, ಮನೆ ಬದಲಾವಣೆ, ಮನೆಯಲ್ಲಿ ಸಾವು, ಏನು ನಡೀತೋ ಅದನ್ನು ನಾಲ್ಕು ಸಾಲಿನಲ್ಲಿ ಬರೀಬಹುದು. ಸತ್ಯಕ್ಕೂ ಒಂದು ಬಾಕ್ಸ್ ಇದೆ.

"ಪಾಸ್ಟರ್, ಯಾರು ನೋಡ್ತಾರೆ?" ನೋಡ್ತಾರೆ. ಸೀಟು ಕೊಟ್ಟ ಮೇಲೆ ಅದು ಷರತ್ತಿನ ಮೇಲಿನ ಸೀಟು. ಕೊನೇ ವರ್ಷ ಮುಗಿದ ಮೇಲೆ ಶಾಲೆಯ ಅಧಿಕೃತ ದಾಖಲೆ ಹೋಗಬೇಕು. ಕ್ಯಾಲಿಫೋರ್ನಿಯಾದವರಿಗೆ ಸಾಮಾನ್ಯವಾಗಿ ಜುಲೈ 1ರೊಳಗೆ. ಅಲ್ಲಿ ಸಾಲು ಸಾಲಾಗಿ ಹೋಲಿಸಬಹುದು. ಹೊಂದಲಿಲ್ಲ ಅಂದ್ರೆ ಸೀಟು ರದ್ದು ಮಾಡೋ ಅಧಿಕಾರ ಅವರಿಗಿದೆ. ವೀಸಾ ಆಗಿರುತ್ತೆ, ಟಿಕೆಟ್ ಆಗಿರುತ್ತೆ, ಬೇರೆ ಕಾಲೇಜಿನ ಸೀಟು ಬಿಟ್ಟಾಗಿರುತ್ತೆ, ಆಗ ಆ ಇಮೇಲ್ ಬರುತ್ತೆ.

2024ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ನಮ್ಮ ದೇಶದ ಒಬ್ಬ ಹುಡುಗನ ವಿಷಯ ಪತ್ರಿಕೆಗಳಲ್ಲಿ ಬಂತು. ನಕಲಿ ಅಂಕಪಟ್ಟಿ. ಬದುಕಿರೋ ತಂದೆಗೆ ಮರಣ ಪತ್ರ. ದೊಡ್ಡ ಸ್ಕಾಲರ್‌ಶಿಪ್ಪೂ ಸಿಕ್ಕಿತ್ತು. ವಿಷಯ ಹೊರಗೆ ಬಂದದ್ದು ಹೇಗೆ ಗೊತ್ತಾ? ಹೆಸರು ಹಾಕದೆ ಅವನೇ ಇಂಟರ್ನೆಟ್ಟಿನಲ್ಲಿ ಬರೆದುಕೊಂಡಿದ್ದರಿಂದ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದೇಶಕ್ಕೆ ವಾಪಸ್ ಬರಬೇಕಾಯ್ತು. ಅವನನ್ನು ಹಂಗಿಸೋಕೆ ಇದನ್ನು ಹೇಳ್ತಿಲ್ಲ. ಅವನಿಗಾಗಿ ಪ್ರಾರ್ಥಿಸಿ. ಒಳಗೆ ಹೂತಿಟ್ಟ ಸತ್ಯ ಹೇಗಾದ್ರೂ ಬಾಯಿಗೆ ಬರುತ್ತೆ. ಮೋಸದಿಂದ ಸಿಕ್ಕ ರೊಟ್ಟಿ ಮೊದಲು ಸಿಹಿ, ಆಮೇಲೆ ಬಾಯಿ ತುಂಬಾ ಮರಳುಕಲ್ಲು ಅನ್ನೋ ಅರ್ಥ ಜ್ಞಾನೋಕ್ತಿ 20:17ರಲ್ಲಿದೆ.

ಇನ್ನೊಂದು ಮಾತನ್ನೂ ಸೇರಿಸಬೇಕು. ಸೀಟು ರದ್ದಾದವರೆಲ್ಲಾ ಸುಳ್ಳುಗಾರರು ಅಂದುಕೊಳ್ಳಬೇಡಿ. 2017ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್ ಕ್ಯಾಂಪಸ್ 499 ಮಂದಿಯ ಪ್ರವೇಶ ರದ್ದು ಮಾಡ್ತು. ಅದರಲ್ಲಿ ಸುಮಾರು 290 ಮಂದಿಯದು ದಾಖಲೆ ತಲುಪಿಸೋ ವಿಷಯದ ತೊಂದರೆ. ದೊಡ್ಡ ಗಲಾಟೆ ಆಯ್ತು, ಚಾನ್ಸಲರ್ ಹೊವರ್ಡ್ ಗಿಲ್ಮನ್ ಕ್ಷಮೆ ಕೇಳಿದರು, ಅಂಥವರನ್ನು ವಾಪಸ್ ಸೇರಿಸಿಕೊಂಡರು. ಹಾಗಾಗಿ ನಿಮ್ಮ ಪಕ್ಕದ ಮನೆಯ ಹುಡುಗಿಗೆ ಹೀಗಾದ್ರೆ ಬಾಯಿ ಬಿಡೋ ಮೊದಲು ಮೊಣಕಾಲೂರಿ. ಮತ್ತೆ, ನಿಮ್ಮ ದಾಖಲೆ ಸಮಯಕ್ಕೆ ಸರಿಯಾಗಿ ಹೋಗೋ ಹಾಗೆ ಸ್ಕೂಲ್ ಆಫೀಸಿಗೆ ಮೊದಲೇ ಹೋಗಿ. ನಂಬಿಗಸ್ತಿಕೆ ಅಂದ್ರೆ ಇದೂ ಸೇರುತ್ತೆ.

ಎರಡನೇ ಸಲ: ಯಬ್ಬೋಕ್ ಹೊಳೆಯ ಹತ್ತಿರ

ಈಗ 32ನೇ ಅಧ್ಯಾಯ. ಇಪ್ಪತ್ತು ವರ್ಷ ಕಳೆದಿದೆ. ಈ ಮಧ್ಯೆ ಯಾಕೋಬನಿಗೇ ಮೋಸ ಆಯ್ತು. ಕಣ್ಣು ಕಾಣದ ಅಪ್ಪನಿಗೆ ಅಣ್ಣನಾಗಿ ನಿಂತವನಿಗೆ, ಲಾಬಾನನು ರಾತ್ರಿ ಕತ್ತಲಲ್ಲಿ ತಂಗಿಯ ಜಾಗದಲ್ಲಿ ಅಕ್ಕನನ್ನು ಕೊಟ್ಟ. ಈಗ ಏಸಾವ ನಾನೂರು ಮಂದಿಯ ಜೊತೆ ಬರ್ತಿದ್ದಾನೆ. ಯಾಕೋಬ ಒಬ್ಬನೇ ಉಳಿದಿದ್ದಾನೆ. ರಾತ್ರಿ. ಬೆಳಗಾಗೋ ತನಕ ಹೋರಾಟ. ಆಶೀರ್ವಾದ ಮಾಡದೆ ಬಿಡಲ್ಲ ಅಂತ ಹಿಡ್ಕೊಂಡಿದ್ದಾನೆ.

ಆಗ ಬಂದ ಪ್ರಶ್ನೆ ನೋಡಿ: ಹೆಸರೇನು? ದೇವರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ತಪ್ಪಾಗಿ ತುಂಬಿದ ಅದೇ ಕಾಲಮ್ಮನ್ನು ಮತ್ತೆ ಅವನ ಮುಂದೆ ಇಟ್ಟರು. ಈ ಸಲ ಯಾಕೋಬ ನಿಜ ಹೇಳಿದ. ಯಾಕೋಬ ಅಂದ. ಹಿಮ್ಮಡಿ ಹಿಡಿಯೋನು, ಮೋಸಗಾರ ಅನ್ನೋ ಅರ್ಥ ಅಂಟಿಕೊಂಡ ಆ ಹೆಸರನ್ನೇ ಬಾಯಿಬಿಟ್ಟು ಹೇಳಿದ. ಅದೇ ಕ್ಷಣಕ್ಕೆ ಹೊಸ ಹೆಸರು ಬಂತು. ಇಸ್ರಾಯೇಲ್! ಏಸಾವ ಅಂತ ಹೇಳಿ ಸಿಕ್ಕಿದ ಆಶೀರ್ವಾದ ಅವನನ್ನು ಮನೆ ಬಿಟ್ಟು ಓಡಿಸ್ತು. ಯಾಕೋಬ ಅಂತ ಹೇಳಿ ಸಿಕ್ಕಿದ ಆಶೀರ್ವಾದ ಅವನನ್ನು ಮನೆಗೆ ವಾಪಸ್ ಕರ್ಕೊಂಡು ಬಂತು. ಹಲ್ಲೆಲೂಯಾ!

ಆದ್ರೆ ಕುಂಟುತ್ತಾ ಹೋದ, ಮರೀಬೇಡಿ. ನಿಜ ಹೇಳಿದ್ರೆ ನಷ್ಟವೇ ಆಗಲ್ಲ ಅಂತ ನಾನು ಹೇಳಲ್ಲ. 78 ಅಂತ ಹಾಕಿದ್ದಕ್ಕೆ ಬರ್ಕ್ಲಿ ಸಿಗದೇ ಇರಬಹುದು. ಇಲ್ಲೇ ಬೆಂಗಳೂರಿನಲ್ಲೇ ಓದಬೇಕಾಗಬಹುದು. ಸ್ನೇಹಿತರೆಲ್ಲ ಏರ್‌ಪೋರ್ಟ್ ಫೋಟೋ ಹಾಕೋವಾಗ ನೀವು ಮೆಟ್ರೋದಲ್ಲಿ ನಿಂತಿರಬಹುದು. ಅದು ನೋವು ಕೊಡುತ್ತೆ. ಆದ್ರೆ 31ನೇ ವಚನ ನೋಡಿ, ಕುಂಟುತ್ತಾ ಹೋಗ್ತಿದ್ದವನ ಮೇಲೆ ಸೂರ್ಯ ಹುಟ್ಟಿದ. ನಿಜ ಹೆಸರಿನಲ್ಲಿ ಕುಂಟೋದು, ಸುಳ್ಳು ಹೆಸರಿನಲ್ಲಿ ಓಡೋದಕ್ಕಿಂತ ಮೇಲು.

ಈಗ ಏನು ಮಾಡಬೇಕು?

ಇನ್ನೂ ತುಂಬದೆ ಇರೋರು: ನೆನಪಿನಿಂದ ತುಂಬಬೇಡಿ. ಒಂಬತ್ತನೇ ಕ್ಲಾಸಿನಿಂದ ಎಲ್ಲಾ ಮಾರ್ಕ್ಸ್ ಕಾರ್ಡ್ ಮೇಜಿನ ಮೇಲೆ ಇಟ್ಕೊಂಡು ಕೂತ್ಕೊಳ್ಳಿ. ವಿಷಯದ ಹೆಸರು, ವರ್ಷ, ಅಂಕ, ಕಾರ್ಡಿನಲ್ಲಿ ಇರೋ ಹಾಗೇ. ಆಮೇಲೆ ಇನ್ನೊಬ್ಬರ ಕೈಗೆ ಕೊಟ್ಟು ಓದಿಸಿ, ನೀವು ಸ್ಕ್ರೀನ್ ನೋಡಿ ಸರಿ ನೋಡ್ಕೊಳ್ಳಿ. ಅಕ್ಕ ಇರಲಿ, ಅಪ್ಪ ಇರಲಿ. ಏಜೆಂಟ್ ಕೈಗೆ ಪಾಸ್‌ವರ್ಡ್ ಕೊಟ್ಟು ಮಲಗಬೇಡಿ.

ಗೊತ್ತಿಲ್ಲದೆ ತಪ್ಪು ತುಂಬಿ ಕಳಿಸಿದೋರು: ಹೆದರಬೇಡಿ. ಕೈ ತಪ್ಪು ಬೇರೆ, ಮನಸ್ಸಿನ ತಪ್ಪು ಬೇರೆ. ಅವರು ಕೇಳೋ ಮೊದಲೇ ಅಡ್ಮಿಶನ್ ಆಫೀಸಿಗೆ ಬರೆದು, ಇಂಥ ವಿಷಯದಲ್ಲಿ ಇಷ್ಟು ಅಂತ ಹಾಕಿದ್ದೆ, ಸರಿಯಾದದ್ದು ಇಷ್ಟು ಅಂತ ತಿಳಿಸಿ.

ಗೊತ್ತಿದ್ದೇ ಏರಿಸಿ ಕಳಿಸಿದೋರು. ಈ ಹಾಲಿನಲ್ಲಿ ಇರಬಹುದು, ಆನ್‌ಲೈನಿನಲ್ಲಿ ಓದ್ತಾ ಇರಬಹುದು. ನಿಮಗೂ ಅದೇ ಇಮೇಲ್. ಬೆಲೆ ಕಟ್ಟಬೇಕಾಗಬಹುದು, ಸೀಟೇ ಹೋಗಬಹುದು. ಆದ್ರೆ ನಾಲ್ಕು ವರ್ಷ ಪ್ರತಿ ಇಮೇಲ್ ಶಬ್ದಕ್ಕೆ ಬೆಚ್ಚಿ ಬೀಳೋ ಬದುಕಿಗಿಂತ ಅದು ಹಗುರ. ಒಬ್ಬರೇ ಮಾಡಬೇಡಿ. ಬನ್ನಿ, ನಿಮ್ಮ ಪಕ್ಕದಲ್ಲಿ ಕೂತು ಬರೆಯೋಕೆ ಸಹಾಯ ಮಾಡ್ತೀವಿ. ಮನೆಯಲ್ಲಿ ಹೇಳೋಕೆ ಭಯ ಇದ್ರೆ ಜೊತೆಗೆ ಬರ್ತೀವಿ. ಇಲ್ಲಿ ಯಾರೂ ನಿಮ್ಮನ್ನು ಕಲ್ಲು ಹೊಡೆಯಲ್ಲ.

ಯಾಕೆ ಹೇಳ್ತೀನಿ ಅಂದ್ರೆ, ಸುವಾರ್ತೆ ಅಂದ್ರೆ ಇದೇ. ದೇವರ ಮುಂದೆ ನಮ್ಮ ಅಂಕಪಟ್ಟಿ ಇಟ್ರೆ ನಾವೆಲ್ಲ ಫೇಲ್. ಪಾಸ್ಟರ್ ಸೇರಿ. ಕೊಲೊಸ್ಸೆ 2:14 ಹೇಳೋ ಹಾಗೆ ನಮಗೆ ವಿರುದ್ಧವಾಗಿದ್ದ ಆ ಪತ್ರವನ್ನು ಆತನು ತೆಗೆದು ಶಿಲುಬೆಗೆ ಜಡಿದರು. ಯೇಸುವಿನ ನೀತಿ ನಮ್ಮ ಲೆಕ್ಕಕ್ಕೆ ಬಂತು. ಪರಲೋಕದ ಪ್ರವೇಶ ಪತ್ರ ಕೈಯಲ್ಲಿ ಇರೋನಿಗೆ ಭೂಲೋಕದ ಒಂದು ಸೀಟಿಗೋಸ್ಕರ ಒಂಬತ್ತು ಅಂಕ ಕದಿಯೋ ಅಗತ್ಯ ಏನಿದೆ? ಇದ್ದದ್ದು ಇದ್ದ ಹಾಗೆ ಹೇಳೋ ಧೈರ್ಯ ಬರೋದು ಅಲ್ಲಿಂದ. ನಮ್ಮ ನಿಜ ಅಂಕ ನೋಡಿಯೂ ಮಗನೇ, ಮಗಳೇ ಅಂತ ಕರೆದ ತಂದೆ ಇದ್ದಾರೆ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ವರ್ಶಿಪ್ ಟೀಮ್ ಮೆಲ್ಲಗೆ ನುಡಿಸಲಿ. ಯಾರ ಹೃದಯದಲ್ಲಿ ಪವಿತ್ರಾತ್ಮನು ಮಾತಾಡ್ತಿದ್ದಾರೋ ಅವರು ಇದ್ದಲ್ಲೇ ಕೈ ಎತ್ತಿ. ಕಾರಣ ಹೇಳಬೇಕಾಗಿಲ್ಲ. ನಿಮ್ಮ ಹೆಸರನ್ನು ಮಾತ್ರ ಮೆಲ್ಲಗೆ ಆತನಿಗೆ ಹೇಳಿ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ಈ ಮಕ್ಕಳನ್ನು ನಿಮ್ಮ ಕೈಗೆ ಒಪ್ಪಿಸ್ತೀವಿ. ಬಾಗಿಲು ಮುಚ್ಚಿದ ರೂಮಿನಲ್ಲಿ ಖಾಲಿ ಬಾಕ್ಸ್ ಮುಂದೆ ಕೂತಾಗ ನಿಮ್ಮ ಭಯವೂ ನಿಮ್ಮ ಪ್ರೀತಿಯೂ ಅವರ ಬೆರಳಿನ ಮೇಲೆ ಇರಲಿ. ತಪ್ಪು ತುಂಬಿದವರಿಗೆ ತಿದ್ದೋ ಬಲ ಕೊಡಿ. ನಿಜ ತುಂಬಿ ಕಾಯ್ತಿರೋರಿಗೆ ಸಮಾಧಾನ ಕೊಡಿ. ನಷ್ಟ ಆದವರ ಮೇಲೆ ನಿಮ್ಮ ಸೂರ್ಯ ಹುಟ್ಟಲಿ. ತಂದೆತಾಯಂದಿರ ಭಾರ ಇಳಿಸಿ. ನಿಮ್ಮ ಚಿತ್ತ ಇರೋ ಬಾಗಿಲು ತೆರೆಯಿರಿ, ಇಲ್ಲದ ಬಾಗಿಲು ಮುಚ್ಚಿರಿ, ಎರಡಕ್ಕೂ ಸ್ತೋತ್ರ ಹೇಳೋ ಹೃದಯ ಕೊಡಿ. ಯೇಸುವಿನ ನಾಮದಲ್ಲಿ ಬೇಡ್ತೀವಿ, ತಂದೆಯೇ. ಆಮೆನ್.